ಉಪ್ಪನ್ನು ಹೊರಗಿಟ್ಟವರು

ಅಂಕೋಲೆ ಎಂದರೆ ಚರಿತ್ರೆ ಓದಿದವರಿಗೆ ಮೊದಲು ನೆನಪಾಗುವುದು ಉಪ್ಪು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಮುಂದಿನ ಕರನಿರಾಕರಣೆಯಿಂದಾಗಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರೂ ಬಂತು. ಶಾಲೆಯ ಪಾಠಗಳಲ್ಲಿ, ಭಾಷಣಗಳಲ್ಲಿ, ಪಟ್ಟಣದ ಸ್ಮಾರಕಗಳಲ್ಲಿ ಈ ಕಥೆ ಉಳಿದುಕೊಂಡಿದೆ. ಉಳಿಯಲೇಬೇಕಾದ ಕಥೆ.

ಆದರೆ ಇದೇ ಊರುಗಳಲ್ಲಿ ಉಪ್ಪಿನದೇ ಇನ್ನೊಂದು ಚರಿತ್ರೆ ಇದೆ. ಅದಕ್ಕೆ ಸ್ಮಾರಕವಿಲ್ಲ. ಒಂದು ದಿನ ಉಪ್ಪನ್ನು ಕೈಗೆತ್ತಿಕೊಂಡ ಜನರೇ ವರ್ಷವಿಡೀ, ತಲೆಮಾರುಗಟ್ಟಲೆ, ಉಪ್ಪನ್ನು ತಮ್ಮ ಗದ್ದೆಯಿಂದ, ಬಾವಿಯಿಂದ ಹೊರಗಿಡಲು ಮಣ್ಣು ಹೊತ್ತಿದ್ದರು. ಸತ್ಯಾಗ್ರಹದ ಉಪ್ಪು ಒಂದು ಹಿಡಿ. ಭರತದ ನೀರಿನ ಜೊತೆ ದಿನಕ್ಕೆರಡು ಸಲ ಹೊಳೆಯೊಳಗೆ ನುಗ್ಗುವ ಉಪ್ಪಿಗೆ ಲೆಕ್ಕವೇ ಇಲ್ಲ. ಆ ಲೆಕ್ಕವಿಲ್ಲದ ಉಪ್ಪಿನ ಎದುರು ಕಾರವಾರ, ಅಂಕೋಲೆಯ ರೈತರು ಕಟ್ಟಿಕೊಂಡ ಭೂಮಿಯ ಹೆಸರು ಗಜನಿ. ನಾನು ಬರೆಯಹೊರಟಿರುವುದು ಆ ಭೂಮಿಯ ಬಗ್ಗೆ, ಅದನ್ನು ಹಿಡಿದಿಟ್ಟಿದ್ದ ಒಡಂಬಡಿಕೆಯ ಬಗ್ಗೆ.

ಉತ್ತರ ಕನ್ನಡದ ಕರಾವಳಿಗೆ ಘಟ್ಟದಿಂದ ಇಳಿದು ಬರುವ ನದಿಗಳು ಸಮುದ್ರ ಸೇರುವ ಮುನ್ನ ಕೆಲವು ಮೈಲಿ ಸಪಾಟಾಗಿ ಹರಡಿಕೊಳ್ಳುತ್ತವೆ. ಕಾರವಾರದಲ್ಲಿ ಕಾಳಿ, ಅಂಕೋಲೆಯಲ್ಲಿ ಗಂಗಾವಳಿ, ಅದರಾಚೆ ಕುಮಟಾದಲ್ಲಿ ಅಘನಾಶಿನಿ. ಮಳೆಗಾಲದಲ್ಲಿ ಈ ಹರವಿನ ತುಂಬ ಸಿಹಿನೀರು, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಉಪ್ಪುನೀರು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ಏರಿ ದಂಡೆಯ ತಗ್ಗನ್ನೆಲ್ಲ ಮುಚ್ಚುತ್ತದೆ, ಇಳಿತದಲ್ಲಿ ಕೆಸರು ಬಿಟ್ಟು ಹಿಂದೆ ಸರಿಯುತ್ತದೆ. ಆ ಕೆಸರು ಫಲವತ್ತಾದದ್ದು. ಘಟ್ಟದ ಕಾಡಿನ ಎಲೆಗೊಬ್ಬರವೆಲ್ಲ ತೇಲಿ ಬಂದು ನಿಲ್ಲುವುದು ಇಲ್ಲೇ. ಈ ಕೆಸರಿನ ಸುತ್ತ ಒಂದು ಕಟ್ಟೆ ಹಾಕಿ ಉಪ್ಪುನೀರನ್ನು ಮಳೆಗಾಲದ ನಾಲ್ಕೈದು ತಿಂಗಳು ಹೊರಗೆ ನಿಲ್ಲಿಸಿದರೆ ಭತ್ತ ಬೆಳೆಯಬಹುದು ಎಂದು ಕಂಡುಕೊಂಡವರು ಯಾರೋ, ಯಾವ ಕಾಲದವರೋ. ಅವರ ಹೆಸರು ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲ.

ಕಟ್ಟೆಯೆಂದರೆ ಮೊದಲಿಗೆ ಮಣ್ಣಿನದೇ. ಹೊಳೆಯ ಜೇಡಿಯನ್ನು ಬುಟ್ಟಿಯಲ್ಲಿ ಹೊತ್ತು, ತುಳಿದು, ಎದೆಯೆತ್ತರಕ್ಕೆ ಏರಿಸುವುದು. ಅಲ್ಲಲ್ಲಿ ಚೀರೆಕಲ್ಲು, ಮರದ ಗೂಟ, ಸೊಪ್ಪಿನ ಹೊರೆ. ನಡುವೆ ಅಲ್ಲೊಂದು ಇಲ್ಲೊಂದು ಹಲಗೆಯ ಬಾಗಿಲು. ಈ ಬಾಗಿಲೇ ಗಜನಿಯ ಜೀವ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ಎತ್ತಿ ಒಳಗಿನ ಹೆಚ್ಚಿನ ಮಳೆನೀರನ್ನು ಹೊಳೆಗೆ ಬಿಡಬೇಕು, ಭರತ ಏರುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಭರತ ದಿನವೂ ಸುಮಾರು ಮುಕ್ಕಾಲು ಗಂಟೆ ತಡವಾಗುತ್ತಾ ಹೋಗುವುದರಿಂದ ಈ ಕೆಲಸಕ್ಕೆ ಗಡಿಯಾರದ ಹೊತ್ತಿಲ್ಲ. ಇವತ್ತು ಸಂಜೆ ಇದ್ದದ್ದು ಕೆಲವು ದಿನಕ್ಕೆ ನಡುರಾತ್ರಿಗೆ ಬರುತ್ತದೆ. ಚಂದ್ರನನ್ನು ನೋಡಿ ಬಾಗಿಲು ತೆಗೆಯುವವನೊಬ್ಬ ಬೇಕು. ಅವನು ಒಂದು ರಾತ್ರಿ ಮಲಗಿಬಿಟ್ಟರೆ ಹತ್ತಾರು ಮನೆಯ ಅನ್ನಕ್ಕೆ ಉಪ್ಪು ಬೀಳುತ್ತದೆ.

ಈ ಗದ್ದೆಗೆ ತಕ್ಕ ಭತ್ತ ಕಗ್ಗ. ಕರಿಕಗ್ಗ, ಬಿಳಿಕಗ್ಗ ಎಂದು ಅದರಲ್ಲೂ ಬಗೆಗಳಿವೆ. ಜೂನ್ ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಪೈರು ಆಳೆತ್ತರಕ್ಕೆ ಏರುತ್ತದೆ, ಹೊಳೆ ಉಕ್ಕಿ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ, ನಡುವೆ ಸ್ವಲ್ಪ ಉಪ್ಪುನೀರು ನುಗ್ಗಿದರೂ ಸಾಯುವುದಿಲ್ಲ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಇಳುವರಿ ಮಾತ್ರ ಸುಧಾರಿತ ತಳಿಗಳಿಗಿಂತ ಕಡಿಮೆ. ಮಳೆ ನಿಂತ ಮೇಲೆ ಕೊಯ್ಲು. ಆಮೇಲೆ ಬಾಗಿಲು ತೆರೆದು ಭರತವನ್ನು ಒಳಗೆ ಬಿಡುತ್ತಾರೆ. ಅದರ ಜೊತೆ ಬರುವ ಶೆಟ್ಲಿ, ಏಡಿ, ಮೀನಿನ ಮರಿಗಳು ಕೊಳೆಯುವ ಕೂಳೆಯನ್ನು ತಿಂದು ಬೆಳೆಯುತ್ತವೆ. ಇಳಿತದ ರಾತ್ರಿ ಬಾಗಿಲಿಗೆ ಬಲೆ ಕಟ್ಟಿದರೆ ಅದು ಇನ್ನೊಂದು ಬೆಳೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅವಳ ತವರು ಗಂಗಾವಳಿಯ ದಂಡೆ.

ಆ ತವರುಮನೆಯ ಬಾವಿಯ ಬಗ್ಗೆಯೂ ಹೇಳಬೇಕು. ನಾನು ಚಿಕ್ಕವನಿದ್ದಾಗ ಅದರ ನೀರು ಕುಡಿಯಲು ಒಳ್ಳೆಯದಿತ್ತು. ಹೊಳೆ ಅಲ್ಲೇ, ನೂರಿನ್ನೂರು ಹೆಜ್ಜೆ ದೂರ. ಹೊಳೆಯ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪು, ಬಾವಿಯದು ಸಿಹಿ. ದೇವರ ಮಹಿಮೆ ಎಂದೇ ಮನೆಯವರು ನಂಬಿದ್ದರು. ಬಹಳ ವರ್ಷಗಳ ಮೇಲೆ ಅಂತರ್ಜಲದ ಬಗ್ಗೆ ಓದುವಾಗ ಅದರ ಲೆಕ್ಕ ತಿಳಿಯಿತು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹೀಗಾಗಿ ಕರಾವಳಿಯ ನೆಲದೊಳಗೆ ಮಳೆಯ ನೀರು ಕಡಲಿನ ನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿ ಆಳದವರೆಗೆ ಅದು ಉಪ್ಪನ್ನು ಒತ್ತಿ ಹಿಡಿದಿರುತ್ತದೆ. ಮಾತು ತಿರುಗಿಸಿ ಹೇಳಿದರೆ, ಮೇಲೆ ಒಂದು ಅಡಿ ನೀರು ಕಡಿಮೆಯಾದರೆ ಕೆಳಗಿನಿಂದ ಉಪ್ಪು 40 ಅಡಿ ಮೇಲೇರಲು ದಾರಿ ಸಿಕ್ಕಂತೆ.

ಈಗ ಗಜನಿಯನ್ನು ಇನ್ನೊಮ್ಮೆ ನೋಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಟ್ಟೆಯೊಳಗೆ ನಿಲ್ಲುವ ಮಳೆನೀರು ಕಗ್ಗಕ್ಕಷ್ಟೇ ಅಲ್ಲ, ಊರಿನ ಬಾವಿಗಳಿಗೂ ಕಾವಲು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ ಓಡಾಡುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಬಿದ್ದ ನೀರು ಗುಡ್ಡ ಇಳಿದು ಕೆಲವೇ ಹೊತ್ತಿನಲ್ಲಿ ಕಡಲು ಸೇರಿದರೆ ಮಳೆ ಎಷ್ಟಾದರೂ ಬರಲಿ, ಮಾರ್ಚ್‌ನಲ್ಲಿ ಬಾವಿ ಬತ್ತುತ್ತದೆ, ಇಲ್ಲವೇ ಉಪ್ಪಾಗುತ್ತದೆ. ಗುಡ್ಡದ ಬುಡದ ಹಳ್ಳಗಳಿಗೆ ಮಳೆ ಮುಗಿದ ಮೇಲೆ ಮಣ್ಣು, ಕಲ್ಲು, ಸೊಪ್ಪಿನಿಂದ ಹಾಕುತ್ತಿದ್ದ ಹಂಗಾಮಿ ಒಡ್ಡು, ಹೊಳೆಯ ಅಂಚಿನ ಗಜನಿ ಕಟ್ಟೆ ಇವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಮೇಲಿನದು ಸಿಹಿನೀರು ಓಡದಂತೆ ತಡೆಯುತ್ತದೆ, ಕೆಳಗಿನದು ಉಪ್ಪುನೀರು ಒಳಗೆ ಬಾರದಂತೆ ತಡೆಯುತ್ತದೆ.

ಇಷ್ಟೆಲ್ಲ ಕೆಲಸವನ್ನು ಯಾವ ಮನೆಯೂ ಒಂಟಿಯಾಗಿ ಮಾಡಲಾರದು. ನನ್ನ ಗದ್ದೆಯ ಮುಂದಿನ ಕಟ್ಟೆಯನ್ನು ನಾನು ಚೆನ್ನಾಗಿ ಕಟ್ಟಿ, ಪಕ್ಕದವನು ಕಟ್ಟದೆ ಬಿಟ್ಟರೆ ನನ್ನ ಗದ್ದೆಯೂ ಮುಳುಗುತ್ತದೆ. ಕಟ್ಟೆಯ ಗಟ್ಟಿತನವೆಂದರೆ ಅದರ ಅತಿ ದುರ್ಬಲ ಜಾಗದ ಗಟ್ಟಿತನ. ಆದ್ದರಿಂದ ಗಜನಿ ಇದ್ದಲ್ಲೆಲ್ಲ ಒಂದು ಒಡಂಬಡಿಕೆ ಇತ್ತು. ಯಾರು ಎಷ್ಟು ಆಳು ಕಳಿಸಬೇಕು, ಬಾಗಿಲು ಕಾಯುವವನಿಗೆ ಏನು ಕೊಡಬೇಕು, ಒಡೆದಾಗ ಯಾರು ಓಡಿ ಬರಬೇಕು. ಬೇಸಿಗೆಯ ಮೀನುಗಾರಿಕೆಯನ್ನು ಹರಾಜು ಹಾಕಿ, ಆ ಹಣವನ್ನು ಕಟ್ಟೆಯ ರಿಪೇರಿಗೆ ಇಡುವ ಪದ್ಧತಿಯೂ ಇತ್ತು. ಕಟ್ಟೆ ತನ್ನ ಖರ್ಚನ್ನು ತಾನೇ ದುಡಿಯುತ್ತಿತ್ತು ಎನ್ನಬಹುದು.

ಕಾಳಿ ದಾಟಿ ಗೋವೆಗೆ ಹೋದರೆ ಇದೇ ಭೂಮಿಗೆ ಖಾಜನ ಎನ್ನುತ್ತಾರೆ. ಅಲ್ಲಿನ ಗಾಂವಕರಿ ವ್ಯವಸ್ಥೆ ಪೋರ್ಚುಗೀಸರಿಗಿಂತ ಹಳೆಯದು. ಊರಿನ ಜಮೀನು, ಕಟ್ಟೆ, ಬಾಗಿಲುಗಳನ್ನು ಊರಿನ ಕೂಟವೇ ನೋಡಿಕೊಳ್ಳುತ್ತಿತ್ತು. ಕೇರಳದಲ್ಲಿ ಇದೇ ಬಗೆಯ ಬೇಸಾಯಕ್ಕೆ ಪೊಕ್ಕಾಳಿ, ಕೈಪಾಡ್ ಎಂಬ ಹೆಸರುಗಳಿವೆ. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲದಲ್ಲಿ ಬದುಕುವ ಡಚ್ಚರು 13ನೆಯ ಶತಮಾನದಿಂದಲೇ ಕಟ್ಟೆಗಳಿಗೆಂದು ಪ್ರತ್ಯೇಕ ನೀರಿನ ಮಂಡಳಿಗಳನ್ನು ಮಾಡಿಕೊಂಡರು. ರಾಜರು ಹೋದರು, ಧರ್ಮಯುದ್ಧಗಳು ಬಂದವು, ಆ ಮಂಡಳಿಗಳು ಮಾತ್ರ ಇಂದಿಗೂ ಚುನಾವಣೆ ನಡೆಸಿ ತೆರಿಗೆ ಎತ್ತುತ್ತವೆ. ಉಪ್ಪುನೀರಿನ ಪಕ್ಕ ಬದುಕುವವರು ಎಲ್ಲೇ ಇರಲಿ, ಒಂದು ಕಟ್ಟೆ, ಅದರ ಜೊತೆಗೊಂದು ಕೂಟ ಕಟ್ಟದೆ ಬದುಕಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆಯಾಗುತ್ತದೆ, ಆದರೆ ಅರ್ಧ ಸತ್ಯವಾಗುತ್ತದೆ. ನಮ್ಮ ಕರಾವಳಿಯ ಒಡಂಬಡಿಕೆ ಸಮಾನರ ನಡುವಿನದಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲೆಯ ಕೇಂದ್ರವಾಯಿತು. ಆಡಳಿತ ಬದಲಾಯಿತೇ ಹೊರತು ಗದ್ದೆಯ ಒಡೆತನ ಬದಲಾಗಲಿಲ್ಲ. ಜಮೀನು ಬಹುಮಟ್ಟಿಗೆ ಒಡೆಯರದು, ದುಡಿಮೆ ಗೇಣಿದಾರರದು. ಒಡೆಯ ಹೇಳಿದಾಗ ಹಾಲಕ್ಕಿ ಒಕ್ಕಲಿಗರು, ಇತರ ಗೇಣಿದಾರರು, ಕೂಲಿಯವರು ಕಟ್ಟೆಗೆ ಮಣ್ಣು ಹೊರಬೇಕಿತ್ತು. ಕಟ್ಟೆ ನಿಂತದ್ದು ಸಹಕಾರದಿಂದ ಎಷ್ಟೋ, ಹೆದರಿಕೆಯಿಂದಲೂ ಅಷ್ಟೇ. ಹಳೆಯ ಕಾಲದಲ್ಲಿ ಎಲ್ಲರೂ ಕೂಡಿ ಬಾಳುತ್ತಿದ್ದರು ಎಂದು ಹೇಳುವವರು ಬುಟ್ಟಿ ಹೊತ್ತವರ ಮನೆಯಿಂದ ಬಂದವರಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಈ ನಾಡಿನ ಜನ ಭೂಮಿಯನ್ನು ಕಳೆದುಕೊಂಡು ಮರಳಿ ಪಡೆದ ಅನುಭವವುಳ್ಳವರು. ಉಪ್ಪಿನ ಸತ್ಯಾಗ್ರಹದ ಬೆನ್ನಲ್ಲೇ, 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದರು. ಸೂರ್ವೆ, ಹಿಚ್ಕಡದಂಥ ಹಳ್ಳಿಗಳ ಹೆಸರು ಆ ಹೋರಾಟದೊಂದಿಗೆ ಬೆಸೆದುಕೊಂಡಿದೆ. ಸರ್ಕಾರ ಜಮೀನು ಜಪ್ತಿ ಮಾಡಿತು, ಹರಾಜು ಹಾಕಿತು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಭೂಮಿಯನ್ನು ರೈತರಿಗೆ ಮರಳಿಸುವ ಕೆಲಸ ನಡೆಯಿತು. ಒಡೆಯನಿಗೆ ಭೂಮಿ ಮರಳಿತು, ಸರಿ. ಗೇಣಿದಾರನಿಗೆ?

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ದಿನಕರ ದೇಸಾಯಿ. ಇಂದಿನ ವಿದ್ಯಾರ್ಥಿಗಳಿಗೆ ಅವರು ಚುಟುಕ ಕವಿ. ಅಂಕೋಲೆಯ ಗೇಣಿದಾರರಿಗೆ ಅವರು ರೈತಕೂಟದ ನಾಯಕ. ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ಅವರು ಕಾರವಾರ, ಅಂಕೋಲೆ, ಕುಮಟಾದ ಗೇಣಿದಾರರನ್ನು ಸಂಘಟಿಸಿದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಗೇಣಿದಾರರ ಮಕ್ಕಳಿಗೆ ಶಾಲೆಗಳನ್ನು ತೆರೆಯಿತು. ಮುಂದೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುವವನಿಗೆ ಹಕ್ಕು ಸಿಗುವ ದಾರಿ ತೆರೆಯಿತು. ಗೇಣಿ ಪದ್ಧತಿ ದಟ್ಟವಾಗಿದ್ದ ನಮ್ಮ ಜಿಲ್ಲೆಯಲ್ಲಿ ಇದು ಎಷ್ಟೋ ಮನೆಗಳಿಗೆ ಎರಡನೆಯ ಸ್ವಾತಂತ್ರ್ಯ.

ನ್ಯಾಯ ಸಿಕ್ಕಿತು. ಆದರೆ ಕಟ್ಟೆ ಅನಾಥವಾಯಿತು. ಕಾಯ್ದೆ ಗದ್ದೆಯನ್ನು ಹಂಚಿತು, ಕಟ್ಟೆಯ ಹೊಣೆಯನ್ನು ಯಾರಿಗೆ ಹಂಚಬೇಕೆಂದು ಯೋಚಿಸಲಿಲ್ಲ. ಒಡೆಯನ ಅಧಿಕಾರ ಹೋದ ಜಾಗಕ್ಕೆ ಇನ್ನೊಂದು ಅಧಿಕಾರ, ಅಥವಾ ಇನ್ನೊಂದು ಒಪ್ಪಂದ, ತಾನಾಗಿ ಬಂದು ಕೂರಲಿಲ್ಲ. ಹತ್ತು ಗುಂಟೆ, ಇಪ್ಪತ್ತು ಗುಂಟೆಯ ಮಾಲೀಕರು ನೂರಾರು ಮಂದಿ, ಕಟ್ಟೆ ಒಂದೇ. ಗೋವೆಯಲ್ಲೂ ಹೀಗೇ ಆಯಿತು. 1961ರ ವಿಮೋಚನೆಯ ನಂತರ ಬಂದ ಗೇಣಿ ಕಾಯ್ದೆಗಳು ಸಾಗುವಳಿದಾರನಿಗೆ ಭದ್ರತೆ ಕೊಟ್ಟವು, ಗಾಂವಕರಿಯ ಕೈ ಸಡಿಲವಾಯಿತು, ಖಾಜನ ಕಟ್ಟೆಗಳು ಒಡೆಯತೊಡಗಿದವು. ಭೂಸುಧಾರಣೆಯೇ ತಪ್ಪು ಎಂದು ಇದರಿಂದ ತೀರ್ಮಾನಿಸುವವರ ಜೊತೆ ನನ್ನ ಸಹಮತವಿಲ್ಲ. ತಪ್ಪಿದ್ದು ಅದನ್ನು ಅರ್ಧಕ್ಕೆ ನಿಲ್ಲಿಸಿದ್ದು. ಭೂಮಿಯ ಜೊತೆ ನೀರಿನ ಆಡಳಿತವನ್ನೂ ಉಳುವವರ ಕೈಗೆ ಕೊಡಬೇಕಿತ್ತು.

ಅದರ ಬದಲು ಸರ್ಕಾರ ಗೋಡೆ ಕಟ್ಟಿತು. ಮುಂಬಯಿ ಸರ್ಕಾರ 1948ರಲ್ಲೇ ಖಾರ್‌ಲ್ಯಾಂಡ್ ಕಾಯ್ದೆ ಮಾಡಿ, ಉಪ್ಪುನೀರಿನ ಜಮೀನುಗಳ ಅಭಿವೃದ್ಧಿಗೆ ಮಂಡಳಿಯೊಂದನ್ನು ರಚಿಸಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಖಾರ್‌ಲ್ಯಾಂಡ್ ಎಂಬ ಪದ ನಮ್ಮ ಕರಾವಳಿಯ ಆಡುಮಾತಿನಲ್ಲಿ ಉಳಿಯಿತು. ಮಣ್ಣಿನ ಕಟ್ಟೆಯ ಜಾಗದಲ್ಲಿ ಅಲ್ಲಲ್ಲಿ ಕಲ್ಲಿನ ಕಾಯಂ ಕಟ್ಟೆಗಳು ಬಂದವು. ಇವು ಗಟ್ಟಿ, ವರ್ಷ ವರ್ಷ ಮಣ್ಣು ಹೊರುವ ಕಷ್ಟವಿಲ್ಲ. ಆ ಕಷ್ಟದ ಜೊತೆಗೇ ವರ್ಷಕ್ಕೊಮ್ಮೆ ಕೂಡಿ ಕುಳಿತು ಮಾತಾಡುವ ಅಗತ್ಯವೂ ಹೋಯಿತು. ಮೊದಲು ಕಟ್ಟೆ ಒಡೆದರೆ ಊರವರು ಬುಟ್ಟಿ ಹಿಡಿದು ಓಡುತ್ತಿದ್ದರು. ಈಗ ಅರ್ಜಿ ಹಿಡಿದು ಕಚೇರಿಗೆ ಓಡಬೇಕು. ಬುಟ್ಟಿಯ ಕೆಲಸ ಮುಂದಿನ ಭರತದೊಳಗೆ ಮುಗಿಯುತ್ತಿತ್ತು. ಅರ್ಜಿಗೆ ಭರತದ ಲೆಕ್ಕ ಗೊತ್ತಿಲ್ಲ.

ಅಷ್ಟರಲ್ಲಿ ಶೆಟ್ಲಿಯ ಬೆಲೆ ಏರಿತು. ಭತ್ತದ ಕಡೆ ಕೂಲಿ ದುಬಾರಿ, ಇಳುವರಿ ಕಡಿಮೆ. ಮೀನಿನ ಹರಾಜಿನಲ್ಲಿ ಕೂತಲ್ಲಿಗೇ ಹಣ. ಕಟ್ಟೆಯ ರಿಪೇರಿಗೆಂದು ಹುಟ್ಟಿದ ಹರಾಜು ಈಗ ಬೇಸಾಯವನ್ನೇ ನಿಲ್ಲಿಸಲು ಕಾರಣವಾಯಿತು. ಗುತ್ತಿಗೆ ಹಿಡಿದವನಿಗೆ ಬಾಗಿಲು ಹೆಚ್ಚು ದಿನ ತೆರೆದಷ್ಟೂ ಲಾಭ. ಜೂನ್‌ನಲ್ಲಿ ಮುಚ್ಚಬೇಕಿದ್ದ ಹಲಗೆ ಮುಚ್ಚಲಿಲ್ಲ, ಉಪ್ಪು ತೊಳೆದುಹೋಗಲಿಲ್ಲ, ಬಿತ್ತಿದವನ ಬೀಜ ಮೇಲೇಳಲಿಲ್ಲ. ಕೊನೆಗೆ ಅವನೂ ಬಿತ್ತುವುದನ್ನು ಬಿಟ್ಟ. 1990ರ ದಶಕದಲ್ಲಿ ಸಿಗಡಿ ಕೃಷಿಯ ಕೊಳಗಳು ದೇಶದ ಕರಾವಳಿಯುದ್ದಕ್ಕೂ ಎದ್ದವು. ಬಿಳಿಚುಕ್ಕೆ ರೋಗ ಬಂದು ಕೊಳಗಳು ಖಾಲಿಯಾದವು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಿಗಡಿ ಉದ್ಯಮಕ್ಕೆ ತಡೆ ಹಾಕಿತು, ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ಕೊಟ್ಟಿತು. ಕೊಳ ಮಾಡಿದವರಲ್ಲಿ ಅನೇಕರು ಬಿಟ್ಟು ಹೋದರು. ಉಪ್ಪು ಬಿಟ್ಟು ಹೋಗಲಿಲ್ಲ.

ಅಮ್ಮನ ತವರಿನ ಬಾವಿಯ ನೀರು ಸಪ್ಪೆ ಉಪ್ಪಾದದ್ದು ಆ ವರ್ಷಗಳಲ್ಲೇ. ಮೊದಲು ಬೇಳೆ ಬೇಯಲಿಲ್ಲ. ಆಮೇಲೆ ಚಹಾ ಒಡೆಯತೊಡಗಿತು. ಈಗ ಆ ಬಾವಿಗೆ ಬಲೆ ಮುಚ್ಚಿದ್ದಾರೆ, ಪಾತ್ರೆ ತೊಳೆಯಲು ಮಾತ್ರ ನೀರೆತ್ತುತ್ತಾರೆ. ಕುಡಿಯಲು ನಲ್ಲಿ ಇದೆ. ನಲ್ಲಿಯ ನೀರು ಎಲ್ಲಿಯದು ಎಂದು ಕೇಳಿದರೆ ಉತ್ತರ ಮತ್ತೆ ಗಂಗಾವಳಿಯೇ. ಕಾರವಾರ, ಅಂಕೋಲೆ ಪಟ್ಟಣಗಳಿಗೆ ನೀರು ಪಂಪಾಗುವುದು ಅಂಕೋಲೆ ತಾಲೂಕಿನ ಹೊನ್ನಳ್ಳಿಯ ಬಳಿ ಇದೇ ನದಿಯಿಂದ. ಅಂದರೆ ಬಾವಿಯನ್ನು ಕಳೆದುಕೊಂಡು ನಾವು ಉಪ್ಪಿನಿಂದ ಪಾರಾಗಿಲ್ಲ, ಹೊಳೆಯ ದಂಡೆಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿದಿದ್ದೇವೆ. ಬೇಸಿಗೆಯಲ್ಲಿ ಹರಿವು ಇಳಿದಷ್ಟೂ ಉಪ್ಪುನೀರು ನದಿಯಲ್ಲಿ ಮೇಲಕ್ಕೆ ಬರುತ್ತದೆ.

ಹೀಗಾಗಿ ಗಜನಿಯ ಚರಿತ್ರೆಯನ್ನು ಅಳಿವೆಯಲ್ಲೇ ಮುಗಿಸಲಾಗದು, ನದಿ ಹಿಡಿದು ಘಟ್ಟ ಹತ್ತಬೇಕಾಗುತ್ತದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮುಂತಾದ ಅಣೆಕಟ್ಟುಗಳು ಬಂದವು. ವಿದ್ಯುತ್ತಿಗಾಗಿ ಬಿಡುವ ನೀರು ಋತುವಿನ ಲೆಕ್ಕದಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ಉಪ್ಪಾಗಬೇಕಿದ್ದ ಅಳಿವೆಗೆ ಸಿಹಿನೀರು ಬಂದು, ಉಪ್ಪು ಬಯಸುವ ಮೀನು, ಚಿಪ್ಪು, ಗಿಡಗಳ ಬದುಕು ಏರುಪೇರಾಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿ ಒಮ್ಮೆಲೇ ನೀರು ಬಿಟ್ಟರೆ ದಂಡೆಯ ಊರುಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಕದ್ರಾದ ಕೆಳಗಿನವರು ಅದನ್ನು ಕಂಡರು. ಗಂಗಾವಳಿಯ ಕಥೆ ಬೇರೆ. ಧಾರವಾಡದ ಶಾಲ್ಮಲೆ, ಹುಬ್ಬಳ್ಳಿ ಕಡೆಯ ಬೇಡ್ತಿ ಕೂಡಿ, ಮಾಗೋಡಿನಲ್ಲಿ ಧುಮುಕಿ, ಮಂಜಗುಣಿಯ ಬಳಿ ಕಡಲು ಸೇರುವ ಈ ನದಿಗೂ ಬೇಡ್ತಿ ಜಲವಿದ್ಯುತ್ ಯೋಜನೆ ಸಿದ್ಧವಾಗಿತ್ತು. ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು 1980ರ ಆಸುಪಾಸಿನಲ್ಲಿ ಅದನ್ನು ವಿರೋಧಿಸಿದರು. ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ ಯೋಜನೆಯ ಲಾಭನಷ್ಟವನ್ನು ಬಹಿರಂಗವಾಗಿ ಚರ್ಚಿಸಿದರು. ಯೋಜನೆ ನಿಂತಿತು. ಅವರು ಹೋರಾಡಿದ್ದು ತಮ್ಮ ತೋಟಕ್ಕಾಗಿ, ಆದರೆ ಉಳಿದದ್ದರಲ್ಲಿ ಅಂಕೋಲೆಯ ಕೆಸರೂ ಸೇರಿತ್ತು. ಈಗ ಬೇಡ್ತಿ–ವರದಾ ಜೋಡಣೆಯ ಮಾತು ಮತ್ತೆ ಎದ್ದಿದೆ. ಘಟ್ಟದ ಮೇಲೆ ಎತ್ತುವ ಪ್ರತಿ ಕೊಡ ನೀರಿಗೂ ಕೆಳಗೆ ಒಂದು ಕೊಡ ಉಪ್ಪು ಒಳಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ಅಳಿವೆಯವರು.

ಹೊನ್ನಳ್ಳಿ ಎಂದೆನಲ್ಲ, ತುಳಸಿ ಗೌಡರ ಊರೂ ಅದೇ. ಹಾಲಕ್ಕಿ ಸಮುದಾಯದ ಈ ಹೆಂಗಸು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಿನಗೂಲಿಯಾಗಿ ಸೇರಿ, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಅಧಿಕಾರಿಗಳಿಗೇ ಕಲಿಸಿದವರು. 2020ರ ಪದ್ಮಶ್ರೀ ಪ್ರಶಸ್ತಿ ಪಡೆಯಲು ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಚಿತ್ರವನ್ನು ಎಲ್ಲರೂ ನೋಡಿದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಗುಡ್ಡದ ಮರಕ್ಕೂ ಹೊಳೆಯಂಚಿನ ಬಾವಿಗೂ ಇರುವ ಸಂಬಂಧವನ್ನು ನಾವು ಪುಸ್ತಕದಲ್ಲಿ ಓದುತ್ತೇವೆ. ಆ ವರ್ಷವೇ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು, ಎದ್ದ ಅಲೆ ಎದುರು ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ, ಹೊಳೆ, ಮನೆ ಬೇರೆ ಬೇರೆ ಇಲಾಖೆಗಳ ಕಡತವಲ್ಲ ಎಂದು ಅದಕ್ಕಿಂತ ಕಠೋರವಾಗಿ ಯಾರೂ ಹೇಳಲಾರರು.

ಹಾಗಾದರೆ ಗಜನಿಯನ್ನು ಮರಳಿ ಪಡೆಯಲಾದೀತೇ? ಅಂಕೋಲೆಯ ಪಕ್ಕದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ದಂಡೆಯ ಮಾಣಿಕಟ್ಟಾದ ರೈತರು ಒಂದು ಉತ್ತರ ಕೊಟ್ಟಿದ್ದಾರೆ. ಸುತ್ತಲಿನ ಗಜನಿಗಳು ಪಾಳು ಬೀಳುತ್ತಿದ್ದಾಗ ಅವರು ಸಂಘ ಕಟ್ಟಿಕೊಂಡು ಕಗ್ಗವನ್ನು ಬಿಡದೆ ಬೆಳೆಸಿದರು. ಕೂಡಿ ಬಿತ್ತುವುದು, ಬಾಗಿಲನ್ನು ಒಂದೇ ತೀರ್ಮಾನದಂತೆ ಮುಚ್ಚುವುದು, ಬೀಜ ಉಳಿಸಿಕೊಂಡು ಬೇಕಾದವರಿಗೆ ಕೊಡುವುದು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಬೇಕಾದ ಜೀವವೈವಿಧ್ಯದ ಹಿಂದೆ ಅಣೆಕಟ್ಟಿಲ್ಲದ ನದಿ ಇದೆ, ಜೊತೆಗೆ ಇಂಥ ಕೂಟಗಳೂ ಇವೆ.

ಕಾರವಾರ, ಅಂಕೋಲೆಯಲ್ಲಿ ಪ್ರಶ್ನೆ ಇನ್ನಷ್ಟು ಸಿಕ್ಕಾಗಿದೆ. ಕಾಳಿಯ ದಂಡೆಯ ಸುಂಕೇರಿ, ಕಡವಾಡದ ಕಡೆ ನಡೆದರೆ ಭತ್ತ ಬೆಳೆಯುತ್ತಿದ್ದ ಜಾಗಗಳಲ್ಲಿ ಈಗ ಕಾಂಡ್ಲಾ ಗಿಡಗಳು ಕಾಣುತ್ತವೆ. ಕಾಂಡ್ಲಾ ಒಳ್ಳೆಯದೇ. ಅದರ ಬೇರು ದಂಡೆಯ ಮಣ್ಣನ್ನು ಹಿಡಿಯುತ್ತದೆ, ಮೀನುಮರಿಗೆ ಆಸರೆಯಾಗುತ್ತದೆ, ಕಾನೂನಿನ ರಕ್ಷಣೆಯೂ ಅದಕ್ಕಿದೆ. ಹಾಗಾಗಿ ತನ್ನದೇ ಖಾತೆಯ ಗದ್ದೆಯಲ್ಲಿ ಬೆಳೆದ ಕಾಂಡ್ಲಾವನ್ನು ರೈತ ಕಡಿಯುವಂತಿಲ್ಲ. ಭೂಮಿ ಪುನಶ್ಚೇತನ ಎಂದರೆ ಯಾವುದು? ಕಾಂಡ್ಲಾ ಬೆಳೆಯಲು ಬಿಡುವುದೇ, ಕಗ್ಗ ಬಿತ್ತುವುದೇ? ಮೀನುಗಾರನ ಉತ್ತರ ಒಂದು, ಗದ್ದೆಯವನದು ಇನ್ನೊಂದು, ಬಾವಿಯ ನೀರು ಸೇದುವವಳದು ಮತ್ತೊಂದು. ನನ್ನ ಮಟ್ಟಿಗೆ ಕಟ್ಟೆಯ ಹೊರಗೆ ಕಾಂಡ್ಲಾ, ಒಳಗೆ ಕಗ್ಗ ಎಂಬುದು ಒಪ್ಪುವ ಮಾತು. ಹೊರಗಿನ ಗಿಡ ಅಲೆಯ ಹೊಡೆತ ತಡೆದರೆ ಒಳಗಿನ ಮಣ್ಣು ಉಳಿಯುತ್ತದೆ. ಆದರೆ ಯಾವ ಗಜನಿಯಲ್ಲಿ ಗೆರೆ ಎಲ್ಲಿ ಎಂಬುದನ್ನು ನಕ್ಷೆಯ ಮೇಲೆ ಬೆಂಗಳೂರಿನಲ್ಲಿ ಎಳೆಯಲಾಗದು, ಭರತದ ಹೊತ್ತಿಗೆ ಕಟ್ಟೆಯ ಮೇಲೆ ನಿಂತು ಎಳೆಯಬೇಕು.

ಸರ್ಕಾರದ ಸಣ್ಣ ನೀರಾವರಿ ಇಲಾಖೆ ಈಚಿನ ವರ್ಷಗಳಲ್ಲಿ ಖಾರ್‌ಲ್ಯಾಂಡ್ ಕಟ್ಟೆ, ಕಿಂಡಿ ಅಣೆಕಟ್ಟುಗಳಿಗೆ ಮತ್ತೆ ಹಣ ಇಡುತ್ತಿದೆ. ಕಾಂಕ್ರೀಟು ಬೇಡವೆಂದು ನಾನು ಹೇಳಲಾರೆ. ಹೆಗಲ ಮೇಲೆ ಮಣ್ಣು ಹೊರುವ ದಿನಗಳನ್ನು ಬಯಸುವುದು ಹೊರದವನಿಗೆ ಸುಲಭ. ಆದರೆ ಕಿಂಡಿಗೆ ಹಲಗೆ ಹಾಕುವ ದಿನ, ತೆಗೆಯುವ ದಿನ ಯಾರು ಗೊತ್ತುಮಾಡುತ್ತಾರೆ? ಮೀನಿನ ಹಣದಲ್ಲಿ ಎಷ್ಟು ಪಾಲು ಕಟ್ಟೆಗೆ? ಗದ್ದೆ ಇಲ್ಲದ, ಆದರೆ ಬಾವಿ ಉಪ್ಪಾದ ಮನೆಯವರಿಗೆ ಸಭೆಯಲ್ಲಿ ಮಾತಿದೆಯೇ? ಹೊಳೆಯಲ್ಲಿ ಬೆಳಚು ಆರಿಸುವ ಹೆಂಗಸರಿಗೆ? ಹಳೆಯ ಒಡಂಬಡಿಕೆಯಲ್ಲಿ ಇವರಿಗೆಲ್ಲ ಜಾಗವಿರಲಿಲ್ಲ. ಹೊಸದರಲ್ಲಿ ಇರದಿದ್ದರೆ ಅದೂ ನಿಲ್ಲದು. ಕರನಿರಾಕರಣೆಯ ಕಾಲದಲ್ಲಿ ಜಪ್ತಿಗೆ ಹೆದರದೆ ಒಟ್ಟಾಗಿ ನಿಂತ ಹಳ್ಳಿ, ಗೇಣಿ ಹೋರಾಟದಲ್ಲಿ ಒಡೆಯನಿಗೆ ಎದುರು ನಿಂತ ಹಳ್ಳಿ, ಒಂದು ಬಾಗಿಲಿನ ಹಲಗೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಾರದೆಂದು ನಂಬಲು ನನಗೆ ಮನಸ್ಸಿಲ್ಲ.

ಕಾಲಾವಕಾಶ ಮಾತ್ರ ಕಡಿಮೆ. ಕಟ್ಟೆ ಒಡೆದರೆ ಹತ್ತು ವರ್ಷದ ನಂತರವೂ ಕಟ್ಟಬಹುದು. ಬೀಜದ ಮಾತು ಹಾಗಲ್ಲ. ಕರಾವಳಿಯ ತೇವದ ಹವೆಯಲ್ಲಿ ಕಗ್ಗದ ಬೀಜವನ್ನು ಮನೆಯಲ್ಲಿ ವರ್ಷಗಟ್ಟಲೆ ಇಟ್ಟು ಮೊಳಕೆ ಬರಿಸಲಾಗದು. ಈ ವರ್ಷ ಬಿತ್ತಿದರೆ ಮುಂದಿನ ವರ್ಷಕ್ಕೆ ಬೀಜ. ಒಂದು ಊರು ಎರಡು ಮೂರು ಮಳೆಗಾಲ ಬಿತ್ತದೆ ಬಿಟ್ಟರೆ ಬೀಜಕ್ಕೆ ಇನ್ನೊಂದು ಊರಿಗೆ ಕೈ ಚಾಚಬೇಕು, ಆ ಇನ್ನೊಂದು ಊರೂ ಬಿಟ್ಟಿದ್ದರೆ ಮುಗಿಯಿತು. ಜೂನ್‌ನ ಮೊದಲ ಮಳೆಗೆ ಗಜನಿಯ ಬಾಗಿಲು ಮುಚ್ಚಬೇಕೋ ಬೇಡವೋ ಎಂಬ ತೀರ್ಮಾನವನ್ನು ಪ್ರತಿ ಊರೂ ಪ್ರತಿ ವರ್ಷವೂ ಮಾಡುತ್ತಲೇ ಇದೆ. ಸುಮ್ಮನಿರುವುದೂ ಒಂದು ತೀರ್ಮಾನವೇ.